ಆಲ್ಬಮ್ಮಿನ ಇಂಜಿನ್ ಯಾವ ಊರಿನದು?

ಗಿರಿಧಾಮಕ್ಕೆ ಪ್ರವಾಸ ಹೋಗಿ ಬಂದ ಯಾವ ಮನೆಯ ಆಲ್ಬಮ್ ತೆಗೆದರೂ ಒಂದು ಫೋಟೊ ಸಿಕ್ಕೇ ಸಿಗುತ್ತದೆ. ಸ್ವೆಟರು, ಮಂಕಿಟೋಪಿ ಹಾಕಿಕೊಂಡ ಸಂಸಾರ ಸಾಲಾಗಿ ನಿಂತಿರುತ್ತದೆ. ಹಿಂದೆ ಒಂದು ಪುಟ್ಟ ರೈಲು. ಇಂಜಿನ್ ಅರ್ಧ ಫ್ರೇಮಿನ ಒಳಗೆ, ಅರ್ಧ ಹೊರಗೆ. ನಂಬರ್ ಇರುವ ಜಾಗಕ್ಕೆ ಸರಿಯಾಗಿ ಯಾರದೋ ತಲೆ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಮನೆಯಲ್ಲಿ ಜಗಳ ಶುರು: ಇದು ಊಟಿಯಾ, ಸಿಮ್ಲಾನಾ, ಡಾರ್ಜಿಲಿಂಗಾ?

ಇಂಥ ಫೋಟೊಗಳು ನನ್ನ ಹತ್ತಿರ ಬರುವುದಕ್ಕೆ ಕಾರಣವಿದೆ. ನಾನು ಕೆಲಸ ಮಾಡಿದ್ದು ಬೆಂಗಳೂರಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ. ಯಂತ್ರವೊಂದನ್ನು ಎದುರಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಅಳತೆಗೆ ತಕ್ಕಂತೆ ಗೆರೆ ಎಳೆಯುವುದೇ ಹೊಟ್ಟೆಪಾಡಾಗಿತ್ತು. ಹುಟ್ಟಿ ಬೆಳೆದದ್ದು ಚಿಂತಾಮಣಿ ಕಡೆ. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಮೇಲೆ ಯಲಹಂಕಕ್ಕೆ ಬರುತ್ತಿದ್ದ ಎರಡೂವರೆ ಅಡಿ ಗೇಜಿನ ರೈಲು ನೋಡಿಕೊಂಡೇ ದೊಡ್ಡವಳಾದೆ. ಆ ದಾರಿಯಲ್ಲಿ ಈಗ ಬ್ರಾಡ್‌ಗೇಜ್ ಹಳಿ ಇದೆ. ಪುಟ್ಟ ಗೇಜಿನ ಗೀಳು ಮಾತ್ರ ನನ್ನನ್ನು ಬಿಟ್ಟಿಲ್ಲ.

ಫೋಟೊ ತಂದವರೆಲ್ಲ ಮೊದಲು ಹೇಳುವುದು ಬಣ್ಣ: ‘ನೀಲಿ ಇಂಜಿನ್ ಕಣ್ರೀ.’ ಆಮೇಲೆ ನೆನಪು: ‘ಅವತ್ತು ತುಂಬಾ ಚಳಿ ಇತ್ತು.’ ಇವೆರಡರಿಂದಲೂ ಇಂಜಿನ್ ಗುರುತು ಸಿಗುವುದಿಲ್ಲ. ಬಣ್ಣ ಬದಲಾಗುತ್ತದೆ, ನೆನಪು ಅದಕ್ಕಿಂತ ಬೇಗ ಬದಲಾಗುತ್ತದೆ. ಹಳಿಯ ಅಗಲ, ಗಾಲಿಯ ಲೆಕ್ಕ, ಕ್ಯಾಬಿನ್ ಇರುವ ಜಾಗ ಇವು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದ್ದರಿಂದ ನಾನು ಫೋಟೊವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತೇನೆ. ಹಳಿ ಮೊದಲು, ಗಾಲಿ ಆಮೇಲೆ, ಮೈಕಟ್ಟು ಅದಾದ ಮೇಲೆ. ನಂಬರ್ ಕಟ್ಟಕಡೆಗೆ.

ನಾದಿನಿಯ ಮನೆಯ ತಂಟೆ

ನನ್ನ ನಾದಿನಿ ಸುಶೀಲ ತಂದ ಫೋಟೊವನ್ನೇ ತೆಗೆದುಕೊಳ್ಳೋಣ. ಅವಳ ಯಜಮಾನರು ಬ್ಯಾಂಕಿನಲ್ಲಿದ್ದರು. ಎಲ್‌ಎಫ್‌ಸಿ, ಅಂದರೆ ರಜೆಯ ಪ್ರವಾಸಕ್ಕೆ ಬ್ಯಾಂಕು ಕೊಡುವ ಖರ್ಚು, ಸಿಕ್ಕಾಗಲೆಲ್ಲ ಸಂಸಾರ ಸಮೇತ ಉತ್ತರಕ್ಕೆ ಹೊರಡುತ್ತಿದ್ದರು. ಒಮ್ಮೆ ದೆಹಲಿ ನೋಡಿಕೊಂಡು ಸಿಮ್ಲಾಕ್ಕೆ, ಇನ್ನೊಮ್ಮೆ ಕಲ್ಕತ್ತಾ ನೋಡಿಕೊಂಡು ಡಾರ್ಜಿಲಿಂಗಿಗೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಕಳಚಿ ಬಿದ್ದ ಈ ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ‘ಸಿಮ್ಲಾ, 1996’ ಎಂದು ಬರೆದಿತ್ತು.

‘ಅತ್ತಿಗೆ, ಇದು ಸಿಮ್ಲಾನೇ. ನಾನೇ ಬರೆದಿಟ್ಟಿದ್ದೀನಲ್ಲ’ ಅಂದಳು ಸುಶೀಲ.

‘ಬರೆದದ್ದು ಯಾವಾಗ ಅಂತ ಕೇಳಿ ಅಕ್ಕ, ಹೋದ ವರ್ಷ ಬೀರು ಕ್ಲೀನ್ ಮಾಡುವಾಗ!’ ಅಂದರು ಅವಳ ಯಜಮಾನರು. ಅವರ ಪ್ರಕಾರ ಅದು ಡಾರ್ಜಿಲಿಂಗ್.

ಫೋಟೊದಲ್ಲಿ ಇರುವುದು ಇಷ್ಟು: ರಸ್ತೆಗೆ ತಗುಲಿಕೊಂಡೇ ಹೋಗುವ ಹಳಿ. ಎರಡು ಹಳಿಯ ಮೇಲೂ ಒಂದೊಂದು ಕಾಲಿಟ್ಟು ನಿಂತ ಮಗ. ಪಕ್ಕದಲ್ಲಿ ಶಾಲು ಹೊದ್ದ ಸುಶೀಲ. ಹಿಂದೆ ನೀಲಿಯೋ ನೇರಳೆಯೋ ಹೇಳಲಾಗದ ಬಣ್ಣದ ಡೀಸೆಲ್ ಇಂಜಿನ್. ಅದರ ಮೈಮೇಲೆ 6, ಪಕ್ಕದಲ್ಲಿ 0, ಅದರಾಚೆ ಸುಶೀಲಳ ಹೆಗಲು. ಇಂಜಿನ್ನಿಗೆ ತಗುಲಿಸಿದ ಬೋಗಿಯ ಅಂಚಿನಲ್ಲಿ ದೇವನಾಗರಿಯ ಒಂದೆರಡು ಅಕ್ಷರ.

ಮೊದಲು ನೋಡಬೇಕಾದದ್ದು ಪ್ರಿಂಟ್ ತಿರುಗುಮುರುಗಾಗಿದೆಯೇ ಎಂದು. ಸ್ಟುಡಿಯೊದಲ್ಲಿ ನೆಗೆಟಿವ್ ಮಗುಚಿ ಹಾಕಿಬಿಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆಗ ಕ್ಯಾಬಿನ್ ಯಾವ ಕಡೆ, ಗುಡ್ಡ ಯಾವ ಕಡೆ ಎಂಬ ಲೆಕ್ಕವೆಲ್ಲ ತಪ್ಪುತ್ತದೆ. ಅಕ್ಷರ ಕಂಡರೆ ಸುಲಭ, ಕಾಣದಿದ್ದರೆ ಹೆಂಗಸರ ಸೆರಗು ನೋಡಿ. ನಮ್ಮ ಕಡೆ ಸೆರಗು ಎಡ ಹೆಗಲ ಮೇಲೆ. ಮನೆಮಂದಿಯದೆಲ್ಲ ಬಲ ಹೆಗಲ ಮೇಲೆ ಕಂಡರೆ ಫೋಟೊ ಮಗುಚಿದೆ ಎಂದೇ ಅರ್ಥ. ಗಂಡಸರ ಕೈಗಡಿಯಾರ, ಅಂಗಿಯ ಜೇಬು ಕೂಡ ಸಾಕ್ಷಿ ಹೇಳುತ್ತವೆ. ಸುಶೀಲಳ ಸೆರಗು ಸರಿಯಾದ ಹೆಗಲ ಮೇಲೇ ಇತ್ತು.

ಇನ್ನು ಬಣ್ಣದ ಮಾತು. ಫಿಲ್ಮ್ ಕಾಲದ ಕಲರ್ ಪ್ರಿಂಟಿನಲ್ಲಿ ಮೂರು ಪದರ ಬಣ್ಣ ಇರುತ್ತದೆ, ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಳೆಯ ಪ್ರಿಂಟುಗಳಲ್ಲಿ ಅನೇಕ ಸಲ ನೀಲಿ-ಹಸಿರು ಪದರ ಮೊದಲು ಮಾಸಿ, ಇಡೀ ಚಿತ್ರ ಕೆಂಪಗಾಗುತ್ತದೆ. ಆಕಾಶ ಬೂದಿಯಾಗುತ್ತದೆ, ನೀಲಿ ಇಂಜಿನ್ ನೇರಳೆಯಾಗುತ್ತದೆ. ಸಾಲದ್ದಕ್ಕೆ ರೈಲ್ವೆಯವರೂ ದೊಡ್ಡ ರಿಪೇರಿಗೆ ವರ್ಕ್‌ಶಾಪಿಗೆ ಒಯ್ದಾಗ ಬೇರೆ ಬಣ್ಣ ಬಳಿದು ಕಳಿಸುವುದುಂಟು. ಬಣ್ಣವನ್ನು ಪಕ್ಕಕ್ಕಿಡಿ.

ಮೊಣಕಾಲೇ ಅಳತೆಗೋಲು

ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚಿನ ನಡುವಿನ ಅಂತರ. ನಮ್ಮ ದೇಶದಲ್ಲಿ ಮುಖ್ಯವಾಗಿ ನಾಲ್ಕು. ಬ್ರಾಡ್‌ಗೇಜ್ 1,676 ಮಿಲಿಮೀಟರ್. ಮೀಟರ್‌ಗೇಜ್ ಹೆಸರೇ ಹೇಳುವಂತೆ 1,000. ನ್ಯಾರೋಗೇಜಿನಲ್ಲಿ ಎರಡು ಬಗೆ: 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ, 610 ಮಿಲಿಮೀಟರ್, ಅಂದರೆ ಎರಡು ಅಡಿ.

ಫೋಟೊದಲ್ಲಿ ಟೇಪು ಹಿಡಿಯಲಾಗದು ನಿಜ. ಆದರೆ ಹಳಿಯ ಪಕ್ಕ ಒಬ್ಬ ದೊಡ್ಡ ಮನುಷ್ಯ ನಿಂತಿದ್ದರೆ ಸಾಕು. ಅವರ ಪಾದ ಇರುವ ಸಾಲಿನಲ್ಲೇ ಹಳಿಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಅದೇ ಅಳತೆಯನ್ನು ಅವರ ಪಾದದಿಂದ ಮೇಲಕ್ಕೆ ಹಿಡಿಯಿರಿ. ಸೊಂಟದವರೆಗೆ ಬಂದರೆ ಮೀಟರ್‌ಗೇಜ್. ಮೊಣಕಾಲು ದಾಟಿ ಒಂದು ಗೇಣಿನ ಮೇಲೆ ಸ್ವಲ್ಪ ಏರಿದರೆ 762. ಮೊಣಕಾಲಿಗಿಂತ ಅರ್ಧ ಗೇಣು ಮಾತ್ರ ಮೇಲಿದ್ದರೆ 610. ಎದುರಿನಿಂದ ತೆಗೆದ ಚಿತ್ರಕ್ಕೆ ಈ ಲೆಕ್ಕ ಹೊಂದುತ್ತದೆ. ಓರೆಯಾಗಿ ತೆಗೆದದ್ದಾದರೆ ಅಂತರ ಕಡಿಮೆ ಕಾಣುತ್ತದೆ, ಅಲ್ಲಿ ಹುಷಾರಾಗಿರಬೇಕು.

ಸುಶೀಲಳ ಮಗ ಎರಡು ಹಳಿಯ ಮೇಲೂ ಕಾಲಿಟ್ಟು ಆರಾಮವಾಗಿ ನಿಂತಿದ್ದ. ಮೀಟರ್‌ಗೇಜಿನ ಮೇಲೆ ಆ ವಯಸ್ಸಿನ ಹುಡುಗ ಹಾಗೆ ನಿಲ್ಲಲು ಹೋದರೆ ತೊಡೆಸಂದು ಹರಿದೀತು. ಅಲ್ಲಿಗೆ ಊಟಿ ಕೈಬಿಟ್ಟಿತು.

ಊಟಿಯ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮವರು ಅತಿ ಹೆಚ್ಚು ಸಲ ‘ನ್ಯಾರೋಗೇಜ್’ ಎಂದು ನನಗೆ ತೋರಿಸುವುದು ಊಟಿ ರೈಲನ್ನೇ. ನೀಲಗಿರಿ ರೈಲು ಮೀಟರ್‌ಗೇಜಿನದು. ಮೇಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ಕಡಿದಾದ ಭಾಗದಲ್ಲಿ ಎರಡು ಹಳಿಗಳ ನಡುವೆ ಹಲ್ಲುಹಲ್ಲಿನ ಕಬ್ಬಿಣದ ಪಟ್ಟಿ ಇರುತ್ತದೆ. ಇಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹಿಡಿದು ಮೇಲೇರುತ್ತದೆ. ಫೋಟೊದಲ್ಲಿ ಆ ಪಟ್ಟಿ ಕಂಡರೆ ಬೇರೆ ಏನೂ ನೋಡಬೇಕಿಲ್ಲ. ಕೂನೂರಿನಿಂದ ಊಟಿಯವರೆಗೆ ಎಳೆಯುತ್ತಾ ಬಂದಿರುವ ಡೀಸೆಲ್ ಇಂಜಿನ್ ವೈಡಿಎಂ-4. ಒಂದು ಕಾಲಕ್ಕೆ ಮೈಸೂರು, ಹಾಸನದ ಕಡೆ ಮೀಟರ್‌ಗೇಜ್ ಗಾಡಿ ಎಳೆಯುತ್ತಿದ್ದದ್ದೂ ಇದೇ ಜಾತಿ. ಇದಕ್ಕೆ ಆರು ಆಕ್ಸಲ್, ಒಂದು ಪಕ್ಕದಿಂದ ಎಣಿಸಿದರೆ ಆರು ಗಾಲಿ.

ಹೆಸರಲ್ಲೇ ಜಾತಕ

ವೈಡಿಎಂ ಎಂಬಂಥ ಹೆಸರು ಓದುವುದು ಕಷ್ಟವಲ್ಲ. ಮೊದಲ ಅಕ್ಷರ ಗೇಜ್ ಹೇಳುತ್ತದೆ: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ವೈ ಎಂದರೆ ಮೀಟರ್‌ಗೇಜ್, ಝಡ್ ಎಂದರೆ 762 ಮಿಲಿಮೀಟರ್, ಎನ್ ಎಂದರೆ 610. ಎರಡನೆಯ ಅಕ್ಷರ ಡಿ ಇದ್ದರೆ ಡೀಸೆಲ್. ಮೂರನೆಯದು ಕೆಲಸ: ಎಂ ಎಂದರೆ ಪ್ಯಾಸೆಂಜರೂ ಎಳೆಯುತ್ತದೆ, ಗೂಡ್ಸೂ ಎಳೆಯುತ್ತದೆ. ಕೊನೆಯ ಅಂಕಿ ಮಾದರಿಯದು. ಹಾಗಾಗಿ ಝಡ್‌ಡಿಎಂ-3 ಎಂದರೆ ಎರಡೂವರೆ ಅಡಿ ಗೇಜಿನ, ಎಲ್ಲ ಕೆಲಸಕ್ಕೂ ಒದಗುವ ಡೀಸೆಲ್ ಇಂಜಿನ್ನಿನ ಮೂರನೆಯ ಮಾದರಿ.

ಗೇಜ್ ಗೊತ್ತಾದ ಕೂಡಲೇ ಪಟ್ಟಿ ಚಿಕ್ಕದಾಗುತ್ತದೆ. 762ರಲ್ಲಿ ಪ್ರವಾಸಿಗಳು ಕ್ಯಾಮೆರಾ ಹಿಡಿಯುವ ಜಾಗಗಳೆಂದರೆ ಕಾಲ್ಕಾ–ಸಿಮ್ಲಾ, ಪಠಾಣ್‌ಕೋಟ್‌ನಿಂದ ಜೋಗಿಂದರ್‌ನಗರಕ್ಕೆ 164 ಕಿಲೋಮೀಟರ್ ಹೋಗುವ ಕಾಂಗ್ಡಾ ಕಣಿವೆ ರೈಲು, ಗುಜರಾತಿನ ಬಿಲಿಮೋರಾ–ವಾಘೈ. 610ರಲ್ಲಿ ಡಾರ್ಜಿಲಿಂಗ್, ಮಾಥೆರಾನ್, 2020ರಲ್ಲಿ ನಿಂತುಹೋದ ಗ್ವಾಲಿಯರ್–ಶಿಯೋಪುರ್. ಗ್ವಾಲಿಯರಿನದು ಬಯಲುಸೀಮೆಯ ರೈಲು. ಸ್ವೆಟರ್ ಹಾಕಿದ ಫೋಟೊಗಳಲ್ಲಿ ಅದು ಬರುವುದು ಅಪರೂಪ.

ಇನ್ನು ಗಾಲಿ. ಚಿತ್ತರಂಜನ್ ಕಾರ್ಖಾನೆಯಲ್ಲಿ ತಯಾರಾದ ಝಡ್‌ಡಿಎಂ-3ಕ್ಕೆ ನಾಲ್ಕು ಆಕ್ಸಲ್, ಎರಡೆರಡು ಸೇರಿ ಎರಡು ಚೌಕಟ್ಟು. ಅದರ ದಾಯಾದಿ ಝಡ್‌ಡಿಎಂ-4ಎ ಇಂಜಿನ್ನಿಗೆ ಈ ನಾಲ್ಕರ ಜೊತೆ ಎರಡು ತುದಿಯಲ್ಲೂ ಒಂದೊಂದು ಚಿಕ್ಕ ಗಾಲಿಯ ಆಕ್ಸಲ್ ಹೆಚ್ಚಿಗೆ ಇದೆ. ಆ ಚಿಕ್ಕ ಗಾಲಿಗಳು ಎಳೆಯುವುದಿಲ್ಲ, ಭಾರ ಹೊರುತ್ತವೆ ಅಷ್ಟೆ. ಹಳಿ ತೆಳುವಾಗಿದ್ದ ಕಡೆ ಒಂದೊಂದು ಆಕ್ಸಲ್ ಮೇಲೂ ಬೀಳುವ ಭಾರ ಕಡಿಮೆ ಮಾಡಲು ಹೂಡಿದ ಉಪಾಯ. ಮೈಕಟ್ಟು ನೋಡಿ ಎರಡೂ ಒಂದೇ ಎಂದುಕೊಳ್ಳುವವರು ಗಾಲಿ ಎಣಿಸಿದರೆ ತಪ್ಪುವುದಿಲ್ಲ.

ಇಷ್ಟು ಚಿಕ್ಕ ಇಂಜಿನ್ನಿನಲ್ಲಿ ಗಾಲಿ ತಿರುಗಿಸುವ ವಿಧಾನವೂ ದೊಡ್ಡ ಇಂಜಿನ್ನಿನದಲ್ಲ. ಬ್ರಾಡ್‌ಗೇಜ್ ಡೀಸೆಲ್ಲುಗಳು ಸಾಮಾನ್ಯವಾಗಿ ವಿದ್ಯುತ್ ತಯಾರಿಸಿ, ಆಕ್ಸಲ್ಲಿಗೆ ಜೋಡಿಸಿದ ಮೋಟಾರುಗಳಿಗೆ ಕೊಡುತ್ತವೆ. ಎರಡೂವರೆ ಅಡಿ ಗೇಜಿನಲ್ಲಿ ಗಾಲಿಗಳ ನಡುವೆ ದೊಡ್ಡ ಮೋಟಾರು ಕೂರಿಸುವುದು ಕಷ್ಟ. ಅದಕ್ಕೇ ಝಡ್‌ಡಿಎಂ-3ರಲ್ಲಿ ಎಣ್ಣೆಯ ಕೈಗೆ ಕೆಲಸ ಕೊಟ್ಟಿದ್ದಾರೆ. ಡೀಸೆಲ್ ಇಂಜಿನ್ ಒಂದು ಪಂಪು ತಿರುಗಿಸುತ್ತದೆ, ಪಂಪು ಚಿಮ್ಮಿಸಿದ ಎಣ್ಣೆ ಎದುರಿನ ಟರ್ಬೈನ್ ತಿರುಗಿಸುತ್ತದೆ, ಅಲ್ಲಿಂದ ಶಾಫ್ಟಿನ ಮೂಲಕ ಬಲ ಗಾಲಿಗೆ ಇಳಿಯುತ್ತದೆ. ಹೈಡ್ರಾಲಿಕ್ ಎನ್ನುವುದು ಇದನ್ನೇ. ಏರಿನಲ್ಲಿ ಭಾರದ ಗಾಡಿಯನ್ನು ಜಗ್ಗದೆ ಎಬ್ಬಿಸಲು ಇದು ಒಳ್ಳೆಯ ಏರ್ಪಾಡು.

ಒಂದು ಕ್ಯಾಬಿನ್, ಎರಡು ಕ್ಯಾಬಿನ್

ಸಿಮ್ಲಾ ಫೋಟೊ ಅಂದರೆ ನನಗೆ ಹಬ್ಬ. ಅಲ್ಲಿ ಇಂಜಿನ್ ನೋಡಿಯೇ ಕಾಲ ಹೇಳಬಹುದು.

ಕಾಲ್ಕಾ–ಸಿಮ್ಲಾ ರೈಲು 1903ರಲ್ಲಿ ಶುರುವಾಯಿತು. 656 ಮೀಟರ್ ಎತ್ತರದ ಕಾಲ್ಕಾದಿಂದ 2,076 ಮೀಟರ್ ಎತ್ತರದ ಸಿಮ್ಲಾಕ್ಕೆ ಸುಮಾರು 96 ಕಿಲೋಮೀಟರ್ ದಾರಿ. 102 ಸುರಂಗ, 800ಕ್ಕೂ ಹೆಚ್ಚು ಸೇತುವೆ, 900ಕ್ಕೂ ಹೆಚ್ಚು ತಿರುವು. ಮೊದಲ ಡೀಸೆಲ್ ಇಂಜಿನ್‌ಗಳು 1955ರಲ್ಲಿ ಜರ್ಮನಿಯ ಆರ್ನಾಲ್ಡ್ ಯುಂಗ್ ಕಂಪನಿಯಿಂದ ಬಂದವು. ಅವು ಝಡ್‌ಡಿಎಂ-1. ಅರವತ್ತರ ದಶಕದಲ್ಲಿ ಜರ್ಮನಿಯದೇ ಆದ ಮಾಕ್ ಕಂಪನಿಯ ಝಡ್‌ಡಿಎಂ-2 ಬಂದು, ಆಮೇಲೆ ಬೇರೆ ಲೈನುಗಳಿಗೆ ಹೋದವು. 1970ರಿಂದ 1982ರವರೆಗೆ ಚಿತ್ತರಂಜನ್‌ನಲ್ಲಿ ಕಟ್ಟಿದ 700 ಅಶ್ವಶಕ್ತಿಯ ಝಡ್‌ಡಿಎಂ-3 ಇಂದಿಗೂ ಅಲ್ಲಿನ ಮುಖ್ಯ ದುಡಿಮೆಗಾರ. ದಿನನಿತ್ಯದ ಗಾಡಿಗಳಲ್ಲಿ ಉಗಿ ಇಂಜಿನ್ ನಿಂತದ್ದು 1971ರಲ್ಲಿ. ‘ನಾವು ಎಂಬತ್ತೈದರಲ್ಲಿ ಸಿಮ್ಲಾಕ್ಕೆ ಹೊಗೆಗಾಡಿಯಲ್ಲೇ ಹೋಗಿದ್ದು’ ಎನ್ನುವ ದೊಡ್ಡಪ್ಪಂದಿರು ಇದ್ದಾರೆ. ಡೀಸೆಲ್ಲೂ ಹೊಗೆ ಬಿಡುತ್ತದೆ ಎನ್ನುವುದನ್ನು ಅವರಿಗೆ ಮೆತ್ತಗೆ ಹೇಳಬೇಕು.

ಸುಶೀಲಳ ಆಲ್ಬಮ್ಮಿನಲ್ಲಿ ನಿಜವಾಗಿಯೂ ಸಿಮ್ಲಾ ದಾರಿಯದೇ ಆದ ಇನ್ನೊಂದು ಫೋಟೊ ಇತ್ತು. ಬಡೋಗ್ ಸ್ಟೇಷನ್ನಿನಲ್ಲಿ ತೆಗೆದದ್ದು, ಬೋರ್ಡೂ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಉದ್ದನೆಯ ಬಾನೆಟ್ಟು, ಅದರ ಬದಿಯಲ್ಲಿ ಸಾಲಾಗಿ ಕದಗಳು. ಆ ಕದ ತೆರೆದೇ ಫಿಟ್ಟರುಗಳು ಇಂಜಿನ್ನಿನ ಕೆಲಸ ಮಾಡುವುದು. ಬಾನೆಟ್ಟಿನ ಹೊರಗೆ ಓಡಾಡಲು ಸಣ್ಣ ಕಟ್ಟೆ, ಕಟ್ಟೆಗೆ ಕಂಬಿ. ಮೈಯ ಉದ್ದಕ್ಕೆ ಹೋಲಿಸಿದರೆ ಡ್ರೈವರ್ ಕ್ಯಾಬಿನ್ ತೀರ ಚಿಕ್ಕದು, ಇರುವುದು ಒಂದೇ. ಇದು 1970–82ರ ಮೂಲ ರೂಪ.

ಒಂದೇ ಕ್ಯಾಬಿನ್ನಿನ ತೊಂದರೆ ಏನೆಂದರೆ, ಬಾನೆಟ್ಟು ಮುಂದಾಗಿ ಓಡುವಾಗ ಡ್ರೈವರು ಆ ಉದ್ದ ಪೆಟ್ಟಿಗೆಯ ಪಕ್ಕದಿಂದ ಇಣುಕಿ ದಾರಿ ನೋಡಬೇಕು. ಈ ಲೈನಿನ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 37 ಮೀಟರ್ ಮಾತ್ರ. ಅಂಥ ತಿರುವಿನಲ್ಲಿ ಮುಂದಿನ ಹಳಿ ಬಾನೆಟ್ಟಿನ ಮರೆಗೆ ಹೋಗಿಬಿಡುತ್ತದೆ. ಅದಕ್ಕಾಗಿ 2008–09ರಲ್ಲಿ ಮುಂಬೈನ ಪರೇಲ್ ವರ್ಕ್‌ಶಾಪಿನವರು ಇದೇ ಜಾತಿಯ ಆರು ಇಂಜಿನ್‌ಗಳನ್ನು ಎರಡು ತುದಿಗೂ ಕ್ಯಾಬಿನ್ ಇಟ್ಟು ಹೊಸದಾಗಿ ಕಟ್ಟಿಕೊಟ್ಟರು. ನನ್ನ ತಮ್ಮನ ಮಗ ಮದುವೆಯಾದ ಹೊಸದರಲ್ಲಿ ಅದೇ ಬಡೋಗಿನಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಇರುವುದು ಈ ಜೋಡಿ ಕ್ಯಾಬಿನ್ನಿನ ಇಂಜಿನ್. ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಸ್ಟೇಷನ್ ಒಂದೇ, ಗುಡ್ಡ ಒಂದೇ. ಕಾಲ ಬದಲಾದದ್ದನ್ನು ಕ್ಯಾಬಿನ್ ಹೇಳುತ್ತದೆ. ಎರಡು ತುದಿಗೂ ಕ್ಯಾಬಿನ್ ಇರುವ ಇಂಥ ಇಂಜಿನ್ ಮುಂದೆ ನಿಂತು ‘ಇದು ತೊಂಬತ್ತರ ದಶಕದ್ದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಝಡ್‌ಡಿಎಂ-3 ಕಂಡಾಕ್ಷಣ ಸಿಮ್ಲಾ ಎಂದುಬಿಡುವಂತೆಯೂ ಇಲ್ಲ. ಕಾಂಗ್ಡಾ ಕಣಿವೆಯಲ್ಲೂ ಇದೇ ಇಂಜಿನ್ ಓಡಿದೆ. ಅಲ್ಲಿ ಬೇರೆ ಗುರುತು ಹುಡುಕಬೇಕು. ಸಿಮ್ಲಾ ದಾರಿ ಹೆಜ್ಜೆಗೊಂದು ಸುರಂಗ, ದೇವದಾರು, ಅಂತಸ್ತು ಅಂತಸ್ತಾಗಿ ಕಮಾನು ಕಟ್ಟಿದ ಕಲ್ಲಿನ ಸೇತುವೆಗಳ ದಾರಿ. ಕಾಂಗ್ಡಾದ್ದು ಬಯಲಾದ ಕಣಿವೆ, ಇಡೀ ಲೈನಿಗೆ ಎರಡೇ ಸುರಂಗ, ಹಿನ್ನೆಲೆಯಲ್ಲಿ ಧೌಲಾಧಾರ್ ಹಿಮಪರ್ವತದ ಸಾಲು.

ಅರವತ್ತರ ಪಕ್ಕದ ಅಂಕಿ

ಮತ್ತೆ ಸುಶೀಲಳ ತಂಟೆಯ ಫೋಟೊಗೆ ಬರೋಣ. ಹಳಿಗಳ ಅಂತರವನ್ನು ಅವಳ ಕಾಲಿಗೆ ಹಿಡಿದು ನೋಡಿದೆ. ಮೊಣಕಾಲಿನಿಂದ ಅರ್ಧ ಗೇಣು ಮೇಲೆ ನಿಂತಿತು. ಅಂದರೆ 610. ಸಿಮ್ಲಾ ಅಲ್ಲ.

ಉಳಿದದ್ದು ಡಾರ್ಜಿಲಿಂಗ್, ಮಾಥೆರಾನ್. ಮುಂಬೈ ಹತ್ತಿರದ ನೇರಲ್‌ನಿಂದ ಮಾಥೆರಾನ್ ಗುಡ್ಡಕ್ಕೆ ಏರುವ ಸುಮಾರು 21 ಕಿಲೋಮೀಟರ್ ಲೈನನ್ನು ಪೀರ್‌ಭಾಯ್ ಮನೆತನದವರು ಸ್ವಂತ ದುಡ್ಡಿನಲ್ಲಿ ಕಟ್ಟಿಸಿದರು. 1907ರಲ್ಲಿ ಅದು ಶುರುವಾಯಿತು. ಐವತ್ತರ ದಶಕದ ನಡುವಿನಲ್ಲೇ ಅಲ್ಲಿಗೆ ಯುಂಗ್ ಕಂಪನಿಯ ಎನ್‌ಡಿಎಂ-1 ಡೀಸೆಲ್‌ಗಳು ಬಂದವು. ಅವುಗಳ ನಂಬರ್ 500ರ ಸಾಲಿನದು. ತೊಂಬತ್ತರ ದಶಕದ ಕೊನೆಯಲ್ಲಿ ಬಂದದ್ದು ಎನ್‌ಡಿಎಂ-6, ಇದರ ನಂಬರ್ 600ರ ಸಾಲಿನದು. ಸುಶೀಲಳ ಹೆಗಲು ಮುಚ್ಚಿದ್ದು ಕೊನೆಯ ಅಂಕಿಯನ್ನು ಮಾತ್ರ. 6, 0 ಕಂಡದ್ದರಿಂದ ಜಾತಿ ಗೊತ್ತಾಯಿತು: ಎನ್‌ಡಿಎಂ-6.

ಈ ಜಾತಿ ಓಡುವುದು ಎರಡೂ ಕಡೆ. ಇಂಜಿನ್ ತನ್ನ ಜಾತಿ ಹೇಳಿ ಸುಮ್ಮನಾಯಿತು, ಊರನ್ನು ಸುತ್ತಮುತ್ತಲಿನ ಸಾಮಾನು ಹೇಳಬೇಕು. ಆ ಕಾಲದಲ್ಲಿ ಮಾಥೆರಾನ್ ಊರೊಳಗೆ ಮೋಟಾರು ವಾಹನ ಬಿಡುತ್ತಿರಲಿಲ್ಲ. ಕೆಮ್ಮಣ್ಣಿನ ದಾರಿ, ಕುದುರೆ, ಕೈಗಾಡಿಗಳ ಊರಾಗಿತ್ತು ಅದು. ಡಾರ್ಜಿಲಿಂಗ್ ರೈಲಾದರೋ ಬಹುದೂರ ಹಿಲ್ ಕಾರ್ಟ್ ರಸ್ತೆಯ ಪಕ್ಕದಲ್ಲೇ ಸಾಗಿ, ರಸ್ತೆಯನ್ನು ಮತ್ತೆ ಮತ್ತೆ ದಾಟಿ, ಅಂಗಡಿಗಳ ಜಗಲಿಗೆ ತಾಗುವಂತೆ ಹೋಗುತ್ತದೆ. ಫೋಟೊದ ಮೂಲೆಯಲ್ಲಿ ಜೀಪಿನ ಮೂತಿ ಇತ್ತು, ಕಾಲಡಿ ಡಾಂಬರು ಇತ್ತು. ಬೋಗಿಯ ಮೇಲಿನ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಪೂ.ಸೀ.’ ಹಿಂದಿಯಲ್ಲಿ ಪೂರ್ವೋತ್ತರ ಸೀಮಾ ರೇಲ್ವೆ, ನಾವು ಈಶಾನ್ಯ ಗಡಿ ರೈಲ್ವೆ ಎನ್ನುತ್ತೇವಲ್ಲ, ಅದು. ಮಾಥೆರಾನ್ ಮಧ್ಯ ರೈಲ್ವೆಗೆ ಸೇರಿದ್ದು. ಅಲ್ಲಿಗೆ ಮುಗಿಯಿತು. ಫೋಟೊ ಡಾರ್ಜಿಲಿಂಗಿನದು.

1881ರಿಂದ ಓಡುತ್ತಿರುವ ಡಾರ್ಜಿಲಿಂಗ್ ರೈಲಿನಲ್ಲಿ ಹಲ್ಲುಪಟ್ಟಿ ಇಲ್ಲ, ಸುರಂಗವಿಲ್ಲ. ಸುತ್ತು ಹಾಕಿ, ಹಿಂದಕ್ಕೂ ಮುಂದಕ್ಕೂ ಸರಿದು ಏರುತ್ತಾ 2,258 ಮೀಟರ್ ಎತ್ತರದ ಘೂಮ್ ಸ್ಟೇಷನ್ ತಲುಪುತ್ತದೆ. ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 1999ರಲ್ಲಿ. ಅದರ ಬೆನ್ನಿಗೇ, 2000ರಲ್ಲಿ, ಅಲ್ಲಿಗೆ ಎನ್‌ಡಿಎಂ-6 ಡೀಸೆಲ್‌ಗಳು ಬಂದವು. ಅದಕ್ಕೆ ಮೊದಲು ಅಲ್ಲಿ ಗಾಡಿ ಎಳೆಯುತ್ತಿದ್ದದ್ದು ಉಗಿ ಇಂಜಿನ್‌ಗಳೇ. ಎಂದ ಮೇಲೆ ಫೋಟೊದ ಹಿಂದಿನ ‘1996’ ಕೂಡ ನಿಲ್ಲುವುದಿಲ್ಲ. 2000ಕ್ಕಿಂತ ಮುಂಚೆ ತೆಗೆದಿರಲು ಸಾಧ್ಯವೇ ಇಲ್ಲ.

‘ನಾನು ಹೇಳ್ಲಿಲ್ವಾ?’ ಅಂದರು ನಾದಿನಿಯ ಯಜಮಾನರು. ಮಗಳ ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಡಾರ್ಜಿಲಿಂಗಿಗೆ ಹೋದದ್ದು ಎಂದು ಅವರಿಗೆ ಜ್ಞಾಪಕವಿತ್ತು. ಮಾರ್ಕ್ಸ್‌ಕಾರ್ಡ್ ತೆಗೆಸಿದೆವು. 2001. ಇಂಜಿನ್ನಿನ ಮಾತಿಗೂ ಮಾರ್ಕ್ಸ್‌ಕಾರ್ಡಿನ ಮಾತಿಗೂ ತಾಳೆಯಾಯಿತು.

ಸುಶೀಲ ಸೋಲು ಒಪ್ಪಿಕೊಳ್ಳುವವಳಲ್ಲ. ‘ಎಲ್ಲಿಯದಾದರೇನು ಅತ್ತಿಗೆ, ಅಷ್ಟು ದೂರ ಹೋಗಿ ನೋಡಿಕೊಂಡು ಬಂದೆವಲ್ಲ’ ಅಂದಳು. ಆಗ ಅವಳಿಗೆ ಇನ್ನೊಂದು ಸಂಗತಿ ಹೇಳಿದೆ. ಎನ್‌ಡಿಎಂ-6 ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ. ವೈಟ್‌ಫೀಲ್ಡ್ ರಸ್ತೆಯ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೊಮೋಟಿವ್ ಕಂಪನಿ, ಹಳಬರ ಬಾಯಲ್ಲಿ ಸೂರಿ ಅಂಡ್ ನಾಯರ್, ಅದನ್ನು ಕಟ್ಟಿದ್ದು. ಉಕ್ಕಿನ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಬಂದರುಗಳ ಒಳಗೆ ವ್ಯಾಗನ್ ಎಳೆಯುವ ಇಂಜಿನ್ ಮಾಡಿ ಕೈಪಳಗಿದ ಕಂಪನಿ ಅದು. ಸುಶೀಲಳ ಮನೆ ಇರುವುದು ಕೃಷ್ಣರಾಜಪುರದಲ್ಲಿ. ಮನೆಯಿಂದ ಸಿಟಿಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಹುಟ್ಟಿದ ಇಂಜಿನ್ನಿನ ಮುಂದೆ ಫೋಟೊ ತೆಗೆಸಿಕೊಳ್ಳಲು ಇವರು ಎರಡು ದಿನ ರೈಲಿನಲ್ಲಿ ಕೂತು ಹಿಮಾಲಯಕ್ಕೆ ಹೋಗಿದ್ದರು. ‘ಹೌದಾ!’ ಎಂದು ಫೋಟೊ ಕಿತ್ತುಕೊಂಡು ಮೊದಲ ಸಲ ಇಂಜಿನ್ನನ್ನು ನೋಡಿದಳು. ಅಲ್ಲಿಯವರೆಗೆ ಅವಳು ನೋಡುತ್ತಿದ್ದದ್ದು ತನ್ನ ಶಾಲನ್ನು.

ನೀವೇ ಗುರುತು ಹಿಡಿಯುವುದಾದರೆ

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಸ್ಕೇಲು, ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ ಸಾಕು. ಗೇಜಿನಿಂದ ಊರುಗಳ ಪಟ್ಟಿ ಇಳಿಯುತ್ತದೆ, ಗಾಲಿಯಿಂದ ಜಾತಿ, ಕ್ಯಾಬಿನ್ನಿನಿಂದ ಕಾಲ. ಅಷ್ಟಾದ ಮೇಲೆ ನಂಬರ್ ನೋಡಿ. ನಂಬರನ್ನೇ ಮೊದಲು ಹಿಡಿದು ಹೊರಟರೆ ಮಸುಕಾದ 3 ನಿಮ್ಮ ಕಣ್ಣಿಗೆ 8 ಆಗುತ್ತದೆ, ಉಳಿದದ್ದನ್ನೆಲ್ಲ ನೀವು ಆ 8ಕ್ಕೆ ಹೊಂದಿಸಲು ಶುರುಮಾಡುತ್ತೀರಿ. ಬೇರೆ ದಾರಿಯಿಂದ ತಲುಪಿದ ಉತ್ತರಕ್ಕೆ ನಂಬರ್ ರುಜು ಹಾಕಬೇಕು, ಅಷ್ಟೇ ಅದರ ಕೆಲಸ.

ಒಂದು ಇಂಜಿನ್ ಇಂಥ ವರ್ಷ ಬಂತು ಎಂದು ಗೊತ್ತಾದರೆ ಫೋಟೊ ಅದಕ್ಕಿಂತ ಹಳೆಯದಲ್ಲ ಎಂದು ಮಾತ್ರ ಹೇಳಬಹುದು. ಇಂಥದೇ ವರ್ಷದ್ದು ಎಂದು ಹೇಳಲು ಎರಡನೆಯ ಸಾಕ್ಷಿ ಬೇಕು. ಅದು ಮನೆಯಲ್ಲೇ ಇರುತ್ತದೆ: ಮಾರ್ಕ್ಸ್‌ಕಾರ್ಡು, ಎಲ್‌ಎಫ್‌ಸಿ ಅರ್ಜಿಯ ನಕಲು, ಮಗುವಿನ ಬಿದ್ದ ಹಲ್ಲು, ಆ ವರ್ಷ ಹೊಲಿಸಿದ ಕೋಟು. ರೈಲಿನ ಇತಿಹಾಸ ಒಂದು ಕಡೆಯಿಂದ, ಮನೆಯ ಇತಿಹಾಸ ಇನ್ನೊಂದು ಕಡೆಯಿಂದ ಒತ್ತಿದಾಗ ನಡುವೆ ಒಂದೋ ಎರಡೋ ವರ್ಷ ಉಳಿಯುತ್ತದೆ.

ಹಳೆಯ ಫೋಟೊ ಸ್ಕ್ಯಾನ್ ಮಾಡಿಸುವಾಗ ಅಂಚು ಕತ್ತರಿಸಲು ಬಿಡಬೇಡಿ. ‘ಬ್ಯಾಕ್‌ಗ್ರೌಂಡ್ ತೆಗೆದು ನೀಟಾಗಿ ಮಾಡಿಕೊಡ್ತೀವಿ’ ಎನ್ನುವವರಿಗೆ ಬೇಡ ಎನ್ನಿ. ನನ್ನ ಹತ್ತಿರ ಬರುವ ಫೋಟೊಗಳಲ್ಲಿ ಉತ್ತರ ಹೇಳುವುದು ಹೆಚ್ಚಾಗಿ ಮೂಲೆಗಳೇ: ಅರ್ಧ ಬೋರ್ಡು, ಜೀಪಿನ ಮೂತಿ, ಬೋಗಿಯ ಎರಡಕ್ಷರ. ಹಿಂಬದಿಯಲ್ಲಿ ಬರೆಯುವುದಿದ್ದರೆ ಪೆನ್ಸಿಲಿನಲ್ಲಿ, ಊರು-ವರ್ಷದ ಜೊತೆ ಯಾವತ್ತು ಬರೆದದ್ದು ಎಂಬುದನ್ನೂ ಬರೆಯಿರಿ. ಮುಂದಿನ ಬೇಸಿಗೆಗೆ ಸಿಮ್ಲಾಕ್ಕೋ ಮಾಥೆರಾನಿಗೋ ಹೋಗುವವರಿಗೆ ಇನ್ನೊಂದು ಕೋರಿಕೆ: ಮನೆಯವರನ್ನು ಇಂಜಿನ್ನಿನ ಒಂದು ಪಕ್ಕಕ್ಕೆ ನಿಲ್ಲಿಸಿ, ಗಾಲಿ ಕಾಣುವ ಹಾಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಯಜಮಾನರು ಎಷ್ಟೇ ಬಲವಂತ ಮಾಡಿದರೂ ನಂಬರಿನ ಮುಂದೆ ಮಾತ್ರ ನಿಲ್ಲಬೇಡಿ.